ಜ್ವರ ಬರಲಿ ಎಂದು ಕಾದವನು

ಸೂಜಿಯೆಂದರೆ ನನಗೆ ಮೊದಲಿನಿಂದಲೂ ಭಕ್ತಿ. ಬೇರೆಯವರು ಡಾಕ್ಟರ ಕೈಯಲ್ಲಿ ಸಿರಿಂಜು ಕಂಡ ಕೂಡಲೇ ಸ್ಟೂಲಿನ ಅಂಚಿಗೆ ಸರಿಯುತ್ತಿದ್ದರು. ನಾನು ಅವರು ಹೇಳುವ ಮೊದಲೇ ಅಂಗಿಯ ತೋಳು ಮಡಚಿ ಕೂತಿರುತ್ತಿದ್ದೆ. ನೆಗಡಿಗೊಂದು, ಸೊಂಟ ನೋವಿಗೊಂದು, ಬಿಸಿಲಲ್ಲಿ ತಲೆ ಸುತ್ತಿದ ಹಾಗಾಯಿತು ಎಂಬುದಕ್ಕೊಂದು. ಬರೀ ಮಾತ್ರೆ ಕೊಟ್ಟು ಕಳಿಸುವ ಡಾಕ್ಟರಿಗೆ ನಮ್ಮ ಕಡೆ ಮರ್ಯಾದೆ ಕಮ್ಮಿ. ಸೂಜಿ ಚುಚ್ಚಿದರೇನೇ ನೋಡಿದ ಹಾಗೆ. ಪಿರಿಯಾಪಟ್ಟಣದ ಒಂದು ಪುಟ್ಟ ಡಾಕ್ಟರ್ ಶಾಪಿನಲ್ಲಿ, ಅದು ಮುಚ್ಚಿಹೋಗಿ ಎಷ್ಟೋ ವರ್ಷವಾಯಿತು, ಸ್ಟೌವಿನ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ನೀರು ಕುದಿಯುತ್ತಿರುತ್ತಿತ್ತು. ಅದರೊಳಗೆ ಎರಡು ಗಾಜಿನ ಸಿರಿಂಜು, ನಾಲ್ಕಾರು ಸೂಜಿ. ಸಂತೆಯ ದಿನ ಜನ ಜಾಸ್ತಿ, ನೀರಿಗೆ ಕುದಿಯುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ನಾನು ಹೋಗುತ್ತಿದ್ದುದು ಸಂತೆಯ ದಿನವೇ. ಹೇಗೂ ಊರಿಂದ ಬಂದಿರುತ್ತೇನಲ್ಲ, ಹಾಗೇ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಹೋಗೋಣ ಎಂದು.

ನಾನು ಹುಟ್ಟಾ ಹೆದರುಪುಕ್ಕಲ. ಬಸ್ಸಿನಲ್ಲಿ ಕೂತರೆ ಬ್ರೇಕಿನ ಸದ್ದು ಕೇಳುತ್ತಿರುತ್ತೇನೆ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ವಾಪಸು ಬಂದು ಎಳೆದು ನೋಡುತ್ತೇನೆ. ಹೆದರಲು ಏನೂ ಸಿಗದ ದಿನ ಇವರಿಗೆ ಊಟ ಸೇರುವುದಿಲ್ಲ ಎಂದು ನನ್ನ ಹೆಂಡತಿ ಜಯಮ್ಮ ನೆಂಟರ ಮುಂದೆ ಹೇಳುವುದುಂಟು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಾಯಿಲೆಗಳಿಗೆ ಹೆದರಿ ಹೆದರಿ ಚುಚ್ಚಿಸಿಕೊಂಡ ಆ ಸೂಜಿಗಳಲ್ಲೇ ಯಾವುದೋ ಒಂದರಲ್ಲಿ ನನ್ನ ಕಾಯಿಲೆ ಕೂತಿತ್ತು. ಹಾಗೆಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ನನಗೆ ಮಾತ್ರ ಖಾತ್ರಿ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನಗೆ ಆಗ ನಲವತ್ತಾರು. ಹೊಗೆಸೊಪ್ಪು ಕಟ್ಟಿದ ಬೇಲಿನ ಮೂಟೆ ಎತ್ತಿ ಎತ್ತಿ ಹರ್ನಿಯಾ ಆಗಿತ್ತು, ಆಪರೇಷನ್ ಮಾಡಿಸಲು ಮೈಸೂರಿನ ಒಂದು ಆಸ್ಪತ್ರೆಗೆ ಹೋದೆವು. ರಕ್ತ ತೆಗೆದುಕೊಂಡು ಮಾರನೇ ದಿನ ಬರಲು ಹೇಳಿದರು. ಮಾರನೇ ದಿನ ಹೋದರೆ ಹರ್ನಿಯಾ ಈಗ ಬೇಡ, ಮಹಡಿಯ ಮೇಲೆ ಇನ್ನೊಬ್ಬ ಡಾಕ್ಟರಿದ್ದಾರೆ, ಅವರನ್ನು ನೋಡಿ ಎಂದು ಒಂದು ಚೀಟಿ ಕೊಟ್ಟರು. ಚೀಟಿ ಕೊಟ್ಟ ನರ್ಸು ನನ್ನ ಮುಖ ನೋಡಲಿಲ್ಲ. ಅಷ್ಟು ಸಾಕಾಯಿತು ನನಗೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮನಸ್ಸಿನಲ್ಲೇ ನನಗೆ ಏಡ್ಸ್ ಬಂದು, ಊರಿನವರು ದೂರವಿಟ್ಟು, ಮಗಳ ಮದುವೆ ನಿಂತು, ನಾನು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಹಿಂದೆ ಒಬ್ಬನೇ ಸತ್ತು ಆಗಿತ್ತು.

ಮಹಡಿಯ ಮೇಲೆ ಮೂರು ಮರದ ಬೆಂಚು, ಒಂದು ಫ್ಯಾನು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮುಂದಿನ ಒಂದೂವರೆ ವರ್ಷ ಆ ಬೆಂಚುಗಳ ಮೇಲೆ ನಾನು ಎಷ್ಟು ಕೂತೆನೆಂದರೆ, ನಡುವಿನ ಬೆಂಚಿನ ಯಾವ ಮೊಳೆ ಪಂಚೆಗೆ ಸಿಕ್ಕಿಕೊಳ್ಳುತ್ತದೆ ಎಂದು ಹೊಸಬರಿಗೆ ಹೇಳುವಷ್ಟಾಯಿತು.

ಡಾಕ್ಟರು ನಿಧಾನಕ್ಕೆ ಮಾತಾಡುವವರು. ಹೆಪಟೈಟಿಸ್ ಸಿ ಎಂದರು. ಆ ಹೆಸರು ನಾನು ಕೇಳಿರಲಿಲ್ಲ. ಪ್ರಪಂಚದಲ್ಲಿರುವ ಕಾಯಿಲೆಗಳನ್ನೆಲ್ಲ ಮೊದಲೇ ಹೆದರಿ ಮುಗಿಸಿದ್ದೇನೆ ಎಂದುಕೊಂಡವನಿಗೆ ಹೆಸರೇ ಗೊತ್ತಿಲ್ಲದ್ದು ಬಂದಿತ್ತು. ಕುಡಿಯುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ, "ಕಾಫಿನೂ ಅರ್ಧ ಲೋಟ ಸಾರ್, ಎದೆ ಹೊಡ್ಕತದೆ ಅಂತಾರೆ" ಎಂದಳು. ಯಾವಾಗಲಾದರೂ ರಕ್ತ ಏರಿಸಿದ್ದರಾ? ಇಲ್ಲ. ಹಚ್ಚೆ? ಇಲ್ಲ. ಇಂಜೆಕ್ಷನ್? ಹಾಕಿಸಿಕೊಂಡಿದ್ದೇನೆ ಎಂದೆ. ಎಷ್ಟು ಸಲ ಇರಬಹುದು ಎಂದರು. ನಾನು ಜಯಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಕ್ಯಾಪು ಹಾಕಿದರು.

ಹದಿನೈದು ಇಪ್ಪತ್ತು ವರ್ಷದಿಂದ ಇದು ನಿಮ್ಮ ಒಳಗೆ ಇದ್ದಿರಬಹುದು, ಈಲಿ ನಿಧಾನಕ್ಕೆ ಗಾಯವಾಗುತ್ತಾ ಬಂದಿದೆ, ಇನ್ನೂ ಹೊತ್ತು ಮೀರಿಲ್ಲ ಎಂದರು. ಈಲಿ ಎಂದರೆ ಪಿತ್ತಜನಕಾಂಗ ಎಂದು ಪುಸ್ತಕದಲ್ಲಿ ಓದಿದ ನೆನಪು. ನಮ್ಮ ಊರಿನಲ್ಲಿ ಅದನ್ನು ಕುರಿಯದ್ದು ಮಾತ್ರ ಕಂಡಿರುತ್ತೇವೆ. ಇಪ್ಪತ್ತು ವರ್ಷ ಎಂಬ ಮಾತೇ ನನಗೆ ತಲೆಗೆ ಹತ್ತಲಿಲ್ಲ. ಸಕಲಕ್ಕೂ ಹೆದರುವ ನನ್ನ ಮೈ, ಹೆದರಬೇಕಾಗಿದ್ದ ಒಂದೇ ಒಂದಕ್ಕೆ ಹೆದರದೆ ಆರಾಮಾಗಿ ಕೂತಿತ್ತಲ್ಲ.

ಜಯಮ್ಮನದೂ ಮಗಳದೂ ರಕ್ತ ಪರೀಕ್ಷೆಯಾಗಬೇಕಿತ್ತು. ಆ ಒಂದು ವಾರ ನನ್ನ ಕಾಯಿಲೆಯನ್ನು ನಾನು ಮರೆತೇಬಿಟ್ಟಿದ್ದೆ. ಇಬ್ಬರಿಗೂ ಇಲ್ಲ ಎಂದು ಗೊತ್ತಾದ ದಿನ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೂವರೂ ಕಬ್ಬಿನ ಹಾಲು ಕುಡಿದೆವು. ಇಡೀ ಕಥೆಯಲ್ಲಿ ಪೂರ್ತಿ ಸಂತೋಷವಾಗಿದ್ದ ದಿನ ಅದೊಂದೇ.

ಮನೆಯಲ್ಲಿ ಅವ್ವನಿಗೆ ಹೇಳುವುದು ಕಷ್ಟವಾಯಿತು. ಈಲಿಯ ಕಾಯಿಲೆ ಎಂದರೆ ನಮ್ಮಲ್ಲಿ ಕಾಮಾಲೆ. ಕಾಮಾಲೆಗೆ ಸೊಪ್ಪಿನ ರಸ ಕೊಡುವವರು ನಾಲ್ಕು ಮೈಲಿಗೊಬ್ಬರು ಸಿಗುತ್ತಾರೆ. ಅವ್ವ ನನ್ನನ್ನು ಜಗಲಿಯ ಬೆಳಕಿಗೆ ಕೂರಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿ, ಕಣ್ಣು ಹಾಲಿನ ಹಾಗೆ ಬೆಳ್ಳಗಿದೆ, ಆ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದು ತೀರ್ಪು ಕೊಟ್ಟಳು. ಊರಿನಲ್ಲಿ ಬೇರೆ ತೀರ್ಪು ಬಂತು: ಗುಟ್ಟಾಗಿ ಕುಡಿಯುತ್ತಿದ್ದ. ಮೊದಲು ಬೇಜಾರಾಯಿತು. ಆಮೇಲೆ ಗುಟ್ಟಾಗಿ ಏನಾದರೂ ಮಾಡುವಷ್ಟು ಧೈರ್ಯವಂತ ಎಂದು ನನ್ನನ್ನು ಯಾರಾದರೂ ಅಂದುಕೊಂಡರಲ್ಲ ಎಂದು ಒಂದು ಥರಾ ಸಮಾಧಾನವೂ ಆಯಿತು.

ಊಟದಿಂದ, ಮುಟ್ಟುವುದರಿಂದ ಇದು ಹರಡುವುದಿಲ್ಲ, ರೇಜರು ಬ್ಲೇಡು ಮಾತ್ರ ಬೇರೆ ಇಟ್ಟುಕೊಳ್ಳಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಾನು ಕೇಳುವವನೇ? ನನ್ನ ತಟ್ಟೆ, ಲೋಟ, ಟವೆಲು ಎಲ್ಲ ಬೇರೆ ಮಾಡಿ ಹಿತ್ತಿಲ ಕಿಟಕಿಯಲ್ಲಿಟ್ಟೆ. ಮೂರನೇ ದಿನ ಅವ್ವ ಆ ತಟ್ಟೆ ತಂದು ಮಿಕ್ಕ ತಟ್ಟೆಗಳ ಮಧ್ಯಕ್ಕೆ ತುರುಕಿ, ಯಾವುದು ಯಾರದು ಎಂದು ಗೊತ್ತಾಗದ ಹಾಗೆ ಕಲೆಸಿಬಿಟ್ಟಳು. "ಇನ್ನೊಂದ್ಸಲ ಬ್ಯಾರೆ ಇಟ್ಟೀಯ, ನಾನೂ ನಿನ್ ತಟ್ಟೇಲೇ ಉಣ್ತೀನಿ" ಎಂದಳು. ಆಮೇಲೆ ನಾನು ತಟ್ಟೆ ಬೇರೆ ಇಡಲಿಲ್ಲ.

ಔಷಧಿ ಎಂದರೆ ವಾರಕ್ಕೆ ಮೂರು ಇಂಜೆಕ್ಷನ್, ದಿನಾ ಎರಡು ಹೊತ್ತು ಕ್ಯಾಪ್ಸೂಲು, ಆರು ತಿಂಗಳು. ಸೂಜಿಯ ಮೇಲಿನ ನನ್ನ ಭಕ್ತಿಗೆ ದೇವರು ಮೆಚ್ಚಿ ವರ ಕೊಟ್ಟ ಹಾಗೆ. ದುಡ್ಡು ಹೇಗೆ ಹೊಂದಿಸಿದೆವು ಎಂಬುದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ, ಬರೆದರೆ ಮತ್ತೆ ಹುಷಾರು ತಪ್ಪುತ್ತೇನೆ. ಐಸು ತುಂಬಿದ ಥರ್ಮಾಸಿನಲ್ಲಿ ಔಷಧಿಯನ್ನು ಮೈಸೂರಿನಿಂದ ತಂದು, ನಮ್ಮ ಹೋಬಳಿಯಲ್ಲಿ ನರ್ಸಾಗಿದ್ದ ಲಿಲ್ಲಿ ಸಿಸ್ಟರ ಮನೆಯ ಫ್ರಿಜ್ಜಿನಲ್ಲಿ ಇಡುವುದೆಂದಾಯಿತು. ಅವರು ಕೇರಳದ ಕಡೆಯವರು, ಕನ್ನಡ ಕಲಿತು ಇಪ್ಪತ್ತು ವರ್ಷವಾದರೂ ಪ್ರತಿ ಮಾತನ್ನೂ ಕೊನೆಯಲ್ಲಿ ಎಳೆಯುತ್ತಿದ್ದರು. ಸೋಮವಾರ, ಬುಧವಾರ, ಶುಕ್ರವಾರ ಸಾಯಂಕಾಲ ಅವರೇ ಚುಚ್ಚುವುದು.

ಶುರು ಮಾಡುವ ಮೊದಲು ಡಾಕ್ಟರು ಒಂದು ಮಾತು ಹೇಳಿದರು. ನನಗೆ ಧೈರ್ಯ ಬರಲಿ ಎಂದೇ ಹೇಳಿದ್ದು ಪಾಪ. "ನೋಡಿ, ಈ ಔಷಧಿ ತಾನೇ ಹೋಗಿ ವೈರಸ್ಸನ್ನ ಕೊಲ್ಲಲ್ಲ. ನಿಮ್ಮ ಮೈಯೊಳಗೇ ಕಾವಲಿನವರು ಇದ್ದಾರಲ್ಲ, ಮಲಗಿಬಿಟ್ಟಿದ್ದಾರೆ, ಅವರನ್ನ ಎಬ್ಬಿಸುತ್ತೆ. ಇಂಜೆಕ್ಷನ್ ಆದ ಮೇಲೆ ಚಳಿ ಜ್ವರ ಬರುತ್ತೆ. ಹೆದರಬೇಡಿ, ಅವರು ಎದ್ದಿದ್ದಾರೆ ಅಂತ ತಿಳ್ಕೊಳ್ಳಿ." ಜ್ವರಕ್ಕೆಂದು ಒಂದು ಮಾತ್ರೆಯನ್ನೂ ಬರೆದುಕೊಟ್ಟರು, ಇಂಜೆಕ್ಷನ್ನಿಗೆ ಮೊದಲು ಒಂದು, ಮಲಗುವಾಗ ಒಂದು.

ಕಾವಲಿನವರು ಎದ್ದರು. ಮೊದಲನೇ ಸೋಮವಾರ ಸಿಸ್ಟರ ಮನೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಚಳಿ ಹಿಡಿಯಿತು. ಹಲ್ಲು ಕಟಕಟ ಎನ್ನುತ್ತಿದ್ದುದು ಅಡುಗೆಮನೆಗೆ ಕೇಳುತ್ತಿತ್ತಂತೆ. ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿ ಅದರ ಮೇಲೆ ಜಯಮ್ಮ ಕೂತಳು, ನಡುಕಕ್ಕೆ ಅವಳೂ ಅಲುಗಾಡಿದಳಂತೆ. ಹೊಸ ಥರ್ಮಾಮೀಟರ್ ತಂದಿಟ್ಟುಕೊಂಡಿದ್ದೆ. ನೂರ ಎರಡು. ದೊಡ್ಡಪ್ಪನ ಮಗ ಚಲುವಣ್ಣ, ಬ್ಯಾರನ್ನಿನಲ್ಲಿ ನನ್ನ ಪಾಲುದಾರ, ನೋಡಲು ಬಂದವನು ಬಾಗಿಲಲ್ಲೇ ನಿಂತು ಎಷ್ಟಿದೆ ಎಂದು ಕೇಳಿದ. ಜಯಮ್ಮ ಹೇಳಿದಳು. "ನೂರೆಲ್ಡಾ? ಬಣ್ಣ ತಿರುಗೋ ಟೈಮು ಕಣ್ಲಾ, ಬಾಗ್ಲು ತೆಗೀಬ್ಯಾಡಿ" ಎಂದ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹೊಲದಿಂದ ಕಿತ್ತ ಹಸಿರು ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ, ಬ್ಯಾರನ್ ಎಂದು ನಾವು ಕರೆಯುವ ಎತ್ತರದ ಗೋಡೆಯ ಮನೆಯೊಳಗೆ ಸಾಲಾಗಿ ನೇತುಹಾಕುತ್ತೇವೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ಬಿಸಿ ಹರಿಯುವ ತಗಡಿನ ಕೊಳವೆ. ಐದಾರು ದಿನ ಬೆಂಕಿ ಆರದಂತೆ ಕಾಯಬೇಕು. ಸುಮ್ಮಸುಮ್ಮನೆ ಬಾಗಿಲು ತೆಗೆದು ನೋಡುವ ಹಾಗಿಲ್ಲ; ಸಣ್ಣ ಗಾಜಿನ ಕಿಂಡಿಯಿಂದ ಥರ್ಮಾಮೀಟರ್ ನೋಡಿ ತಿಳಿದುಕೊಳ್ಳಬೇಕು. ನೂರರ ಆಸುಪಾಸಿನಲ್ಲಿ ಒಂದೂವರೆ ದಿನ ಹಿಡಿದು ನಿಲ್ಲಿಸಿದರೆ ಎಲೆ ಹಸಿರು ಬಿಟ್ಟು ಹಳದಿಗೆ ತಿರುಗುತ್ತದೆ. ಆಮೇಲೆ ಮೆಲ್ಲಗೆ ಏರಿಸುತ್ತಾ ಹೋಗುವುದು. ಬಣ್ಣ ತಿರುಗುವ ಮೊದಲು ಬೆಂಕಿ ಸತ್ತರೆ ಇಡೀ ಬ್ಯಾರನ್ನು ಕಪ್ಪಾಗಿ ಕೊಳೆಯುತ್ತದೆ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವನಿಗೆ ಥರ್ಮಾಮೀಟರ್ ಎಂದರೆ ಒಳಗಿನ ಸುದ್ದಿ ಹೇಳುವ ಒಂದೇ ಬಾಯಿ.

ಚಲುವಣ್ಣ ತಮಾಷೆಗೆ ಆಡಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಡಾಕ್ಟರು ಹೇಳಿದ ಕಾವಲಿನವರು, ಚಲುವಣ್ಣ ಹೇಳಿದ ಬಣ್ಣ, ಎರಡೂ ಸೇರಿ ನನ್ನದೇ ಒಂದು ವೈದ್ಯಶಾಸ್ತ್ರ ಹುಟ್ಟಿತು. ಜ್ವರವೇ ಬೆಂಕಿ. ಬೆಂಕಿ ಇದ್ದರೆ ಒಳಗೆ ಕೆಲಸ ನಡೆಯುತ್ತಿದೆ. ಹಾಗಿದ್ದ ಮೇಲೆ ಜ್ವರ ಇಳಿಸುವ ಮಾತ್ರೆ ನುಂಗುವುದೆಂದರೆ ಉರಿಯುವ ಒಲೆಗೆ ನೀರು ಸುರಿದ ಹಾಗಲ್ಲವೇ? ಎರಡನೇ ವಾರದಿಂದ ಮಾತ್ರೆ ನುಂಗುವುದನ್ನು ಬಿಟ್ಟೆ. ಜಯಮ್ಮ ಕೈಗೆ ಕೊಟ್ಟಾಗ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಜೇಬಿಗಿಳಿಸುತ್ತಿದ್ದೆ. ಗುಟ್ಟಾಗಿ ಕುಡಿಯುತ್ತಾನೆ ಎಂದವರ ಮಾತು ಹೀಗೆ ಅರ್ಧ ನಿಜವಾಯಿತು. ಗುಟ್ಟಾಗಿ ಕುಡಿಯದೆ ಇರುತ್ತಿದ್ದೆ.

ಮಾತ್ರೆಯಿಲ್ಲದ ಜ್ವರ ಹೇಗಿರುತ್ತದೆ ಎಂದು ವರ್ಣಿಸುವುದಿಲ್ಲ. ಮೂಳೆಯೊಳಗೆ ಯಾರೋ ಕೂತು ಹಿಂಡುತ್ತಿದ್ದ ಹಾಗೆ ಇರುತ್ತಿತ್ತು. ಆದರೂ ಥರ್ಮಾಮೀಟರ್ ನೂರ ಎರಡು, ನೂರ ಎರಡೂವರೆ ತೋರಿಸಿದಾಗ ಹೊದಿಕೆಯೊಳಗೆ ನಗು ಬರುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಕಾಯಿಲೆ ಜೋರಾಗಲಿ ಎಂದು ಹರಸಿಕೊಂಡವನು ನಾನು.

ಮಿಕ್ಕ ದಿನಗಳಲ್ಲಿ ನಗು ಬರುತ್ತಿರಲಿಲ್ಲ. ಬಾಯಿಗೆ ಯಾವಾಗಲೂ ಕಬ್ಬಿಣ ನೆಕ್ಕಿದ ರುಚಿ. ಕೂದಲು ಬಾಚಣಿಗೆಗೆ ಬರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅಳು. ಒಂದು ಸಲ ಮೈಸೂರಿಗೆ ಹೋಗುವಾಗ ಹುಣಸೂರಿನಲ್ಲಿ ಬಸ್ಸು ಹತ್ತಿದ ಒಬ್ಬ ಮುದುಕರು ನನ್ನ ಮುಖ ನೋಡಿ, ಕೂತ್ಕಳಪ್ಪ ಎಂದು ತಮಗೆ ಸಿಕ್ಕ ಸೀಟನ್ನು ನನಗೆ ಬಿಟ್ಟರು. ಬಿಳಿಕೆರೆ ದಾಟುವವರೆಗೂ ನಾನು ಅತ್ತೆ. ಕಾರಣವೇನೂ ಇರಲಿಲ್ಲ. ನಾನು ಚಿಂತೆಯವನೇ ಹೊರತು ಅಳುವವನಲ್ಲ. ಇದು ಯಾರೋ ಬೇರೆಯವರು ನನ್ನ ಕಣ್ಣಿನಲ್ಲಿ ಅಳುತ್ತಿದ್ದ ಹಾಗಿತ್ತು. ಔಷಧಿಯಿಂದ ಹಾಗಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ಅರ್ಧ ಭಯ ತಪ್ಪುತ್ತಿತ್ತು, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಐದನೇ ವಾರ ಜ್ವರ ನೂರ ಒಂದಕ್ಕೆ ನಿಂತಿತು. ಆರನೇ ವಾರ ನೂರು. ಏಳನೇ ವಾರದ ಬುಧವಾರ ಸಾಯಂಕಾಲ ಕಂಬಳಿ ಹೊದ್ದು ಸಿದ್ಧನಾಗಿ ಕೂತೆ. ಚಳಿ ಬರಲಿಲ್ಲ. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಗೋಡೆ ಗಡಿಯಾರ ನೋಡುತ್ತಾ ಕೂತೆ. ತೊಂಬತ್ತೆಂಟೂವರೆ. ಒದರಿ ಮತ್ತೆ ಇಟ್ಟೆ, ಅಷ್ಟೇ. ಅವ್ವ ಬಂದು ಹಣೆ ಮುಟ್ಟಿ, ತಣ್ಣಗಿದೆ, ದೇವರು ಕಣ್ಣು ಬಿಟ್ಟ ಎಂದು ದೀಪ ಹಚ್ಚಲು ಹೋದಳು. ನನ್ನ ಲೆಕ್ಕ ಬೇರೆ. ಬೆಂಕಿ ಸತ್ತಿದೆ.

ಔಷಧಿ ಕೆಟ್ಟಿರಬೇಕು ಎಂದುಕೊಂಡು ಶುಕ್ರವಾರ ಲಿಲ್ಲಿ ಸಿಸ್ಟರನ್ನು ಕೇಳಿದೆ. ಕರೆಂಟು ಹೋಗಿತ್ತೇನೋ, ಫ್ರಿಜ್ಜಿನಲ್ಲಿ ತಣ್ಣಗಿತ್ತೋ ಇಲ್ಲವೋ. ಸಿಸ್ಟರಿಗೆ ಸಿಟ್ಟು ಬಂತು. ಫ್ರಿಜ್ಜಿನ ಬಾಗಿಲು ತೆರೆದು ನನ್ನ ಕೈ ಹಿಡಿದು ಒಳಗಿಟ್ಟರು. "ಜ್ವರ ಇಲ್ಲ ಅಂದ್ರೆ ಎಲ್ಲಾರೂ ಸಂತೋಷ ಪಡ್ತಾರಲ್ಲಾ ಸಾರ್. ನಿಮಗೆ ಜ್ವರಾನೂ ನಾನೇ ಕೊಡಬೇಕಾ?" ಎಂದರು. ಡಾಕ್ಟರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಬಹುದಿತ್ತು. ಮಾಡಿದರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಾರೆ. ಮಾಡಲಿಲ್ಲ.

ಆಗ ಸೊಪ್ಪು ಬೇಯಿಸುವ ಕಾಲ. ನಮ್ಮ ಬ್ಯಾರನ್ನಿಗೆ ಹಗಲೂ ರಾತ್ರಿ ಬೆಂಕಿ. ನನ್ನ ಕೈಲಿ ಸೌದೆ ಎತ್ತಲಾಗುತ್ತಿರಲಿಲ್ಲವಾದ್ದರಿಂದ ಮಧ್ಯಾಹ್ನ ಚಲುವಣ್ಣ ಊಟಕ್ಕೆ ಹೋದಾಗ ಒಲೆಯ ಕಡೆ ಕಣ್ಣಿಟ್ಟಿರುವುದಷ್ಟೇ ನನ್ನ ಕೆಲಸವಾಗಿತ್ತು. ಮುಂದಿನ ಸೋಮವಾರ ಸಿಸ್ಟರಿಗೆ ಏನೋ ನೆಪ ಹೇಳಿ ಇಂಜೆಕ್ಷನ್ನನ್ನು ಮಧ್ಯಾಹ್ನಕ್ಕೇ ಹಾಕಿಸಿಕೊಂಡು ಬಂದೆ. ಚಲುವಣ್ಣ ಅತ್ತ ಹೋದ ಕೂಡಲೇ ಕಂಬಳಿ ಹೊದ್ದು ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತೆ. ಯಾಕೆ ಹಾಗೆ ಮಾಡಿದೆ ಎಂದು ಈಗ ಕೇಳಿದರೆ ಹೇಳಲು ನಾಚಿಕೆ. ಆಗ ಅದು ಬಹಳ ಸರಿಯಾದ ಯೋಚನೆಯಾಗಿ ಕಂಡಿತ್ತು: ಒಳಗಿನ ಬೆಂಕಿ ಆರುತ್ತಿದ್ದರೆ ಹೊರಗಿನಿಂದ ಸ್ವಲ್ಪ ಕಾವು ಕೊಟ್ಟು ಹಿಡಿದುಕೊಳ್ಳುವುದು. ಕಾವಲಿನವರು ಮತ್ತೆ ಮಲಗಿಬಿಟ್ಟರೆ ನಾನೇನು ಮಾಡಲಿ? ಒಳಗೆ ಕೈ ಹಾಕಿ ಎಬ್ಬಿಸಲು ಬರುತ್ತದೆಯೇ? ನನ್ನ ಕೈಲಾಗುವುದು ಇದೊಂದೇ ಇತ್ತು. ಮುಕ್ಕಾಲು ಗಂಟೆ ಬಿಟ್ಟು ನೋಡಿಕೊಂಡರೆ ನೂರಕ್ಕೆ ಎರಡು ಗೀಟು ಮೇಲೆ. ಎಷ್ಟು ಖುಷಿಯಾಯಿತೆಂದರೆ, ಅವತ್ತು ರಾತ್ರಿ ಎರಡು ಮುದ್ದೆ ಉಂಡೆ.

ಬುಧವಾರವೂ ಕೂತೆ. ಶುಕ್ರವಾರ ಕೂತವನಿಗೆ ಥರ್ಮಾಮೀಟರ್ ಬಾಯಿಗಿಟ್ಟುಕೊಂಡದ್ದು ಮಾತ್ರ ನೆನಪು. ಕಣ್ಣು ಬಿಟ್ಟಾಗ ಹೊಂಗೆಮರದ ಕೆಳಗೆ ಮಲಗಿದ್ದೆ, ಮುಖವೆಲ್ಲ ನೀರು. ಒಲೆಗೂ ನನಗೂ ಮಧ್ಯೆ ಒಂದು ಮೊಳವೂ ಇರಲಿಲ್ಲವಂತೆ. ಮುಂದಕ್ಕೆ ಬಿದ್ದಿದ್ದರಿಂದ ಉಳಿದೆ. ಊಟ ಮುಗಿಸಿ ಬಂದ ಚಲುವಣ್ಣ ಎಳೆದು ಹಾಕಿದ್ದ. ಜಯಮ್ಮ ನನ್ನ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಜೇಬಿನಲ್ಲಿ ನಾಲ್ಕು ಮಾತ್ರೆ ಸಿಕ್ಕವು. ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದೇ ಎಣಿಸಿದಳು.

ಮಾರನೇ ದಿನ ಮೈಸೂರಿಗೆ. ರಕ್ತ ನೋಡಿದರೆ ಹಿಮೋಗ್ಲೋಬಿನ್ ಹದಿಮೂರು ಇರಬೇಕಾದ್ದು ಎಂಟಕ್ಕೆ ಇಳಿದಿತ್ತು. ಕ್ಯಾಪ್ಸೂಲಿನಿಂದ ರಕ್ತ ಕಮ್ಮಿಯಾಗುತ್ತದಂತೆ. ಅಂಥ ಮೈಯನ್ನು ತೆಗೆದುಕೊಂಡು ಹೋಗಿ ನಾನು ಒಲೆಯ ಮುಂದೆ ಕೂರಿಸಿದ್ದೆ. ಡಾಕ್ಟರು ಕೇಳಿದ್ದಕ್ಕೆಲ್ಲ ನಾನು ತಲೆ ತಗ್ಗಿಸಿ ಹೇಳಿದೆ: ಮಾತ್ರೆ, ಬಣ್ಣ, ಬ್ಯಾರನ್, ಎಲ್ಲ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. "ತಪ್ಪು ನನ್ನದೂ ಇದೆ. ನಾನು ಹಾಗೆ ಹೇಳಬಾರದಿತ್ತು. ಮೊದಮೊದಲು ಮೈಗೆ ಹೊಸದು, ಅದಕ್ಕೇ ಜ್ವರ. ಆಮೇಲೆ ಒಗ್ಗಿಹೋಗುತ್ತೆ. ಜ್ವರ ನಿಂತರೆ ಕೆಲಸ ನಿಂತಿದೆ ಅಂತಲ್ಲ, ಜ್ವರ ಇದ್ದರೆ ಕೆಲಸ ನಡೀತಿದೆ ಅಂತಲೂ ಅಲ್ಲ. ಒಳಗೆ ಏನಾಗ್ತಿದೆ ಅಂತ ನಿಮಗೂ ಕಾಣಲ್ಲ, ನನಗೂ ಕಾಣಲ್ಲ."

ನನಗೂ ಕಾಣಲ್ಲ ಎಂದರಲ್ಲ, ಆ ಮಾತು ನನ್ನನ್ನು ಪೂರಾ ಕೆಡವಿತು. ನನಗೆ ಕಾಣದಿದ್ದರೂ ಅವರಿಗೆ ಕಾಣುತ್ತಿದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದ್ದವನು ನಾನು. ರಕ್ತವನ್ನು ಬೊಂಬಾಯಿಗೆ ಕಳಿಸಿದಾಗ ಮಾತ್ರ ಗೊತ್ತಾಗುವುದು, ಅದಕ್ಕೆ ಇನ್ನೂ ಕೆಲವು ವಾರವಿದೆ ಎಂದು ಕ್ಯಾಪ್ಸೂಲು ಕಮ್ಮಿ ಮಾಡಿ ಕಳಿಸಿದರು.

ವಾಪಸು ಬರುವಾಗ ಜಯಮ್ಮ ಹುಣಸೂರಿನವರೆಗೂ ಹೊರಗೆ ನೋಡುತ್ತಾ ಕೂತಿದ್ದಳು. ಬಸ್ಸು ಅಲ್ಲಿ ನಿಂತಾಗ ಕಡಲೆಕಾಯಿ ಮಾರುವವನು ಕಿಟಕಿಗೆ ಬಂದ. ಬೇಡ ಎಂದು ಅವನಿಗೆ ಕೈಯಾಡಿಸಿ ನನ್ನ ಕಡೆ ತಿರುಗಿದಳು.

"ನಿಮ್ ಒಳ್ಗೆ ಏನ್ ನಡೀತದೆ ಅಂತ ನಿಮ್ಗೇ ಗೊತ್ತಾಗಕಿಲ್ಲ. ಒರಗೆ ಕೂತಿರೋ ನಂಗೆ ಎಂಗ್ ಗೊತ್ತಾದದು? ನೀವಾರ ಒಲೆ ಮುಂದೆ ಕುಂತ್ಕಂಡ್ರಿ. ನಾನ್ ಎಲ್ ಕುಂತ್ಕಳ್ಳಿ?"

ಅಷ್ಟು ದಿನವೂ ಅವಳೂ ನನ್ನ ಹಾಗೇ ಕಿಂಡಿಯಾಚೆ ನಿಂತಿದ್ದಾಳೆ ಎಂದು ನನಗೆ ಹೊಳೆದಿರಲೇ ಇಲ್ಲ. ಚಿಂತೆ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ.

ಅಲ್ಲಿಂದ ಮುಂದಕ್ಕೆ ಮಾತ್ರೆಯನ್ನು ಅವಳ ಎದುರಿಗೇ ನುಂಗಿ, ಬಾಯಿ ತೆರೆದು ನಾಲಗೆ ಎತ್ತಿ ತೋರಿಸುವುದು ಮನೆಯ ನಿಯಮವಾಯಿತು. ಅವ್ವನೂ ಬಂದು ಇಣುಕಿ ನೋಡುತ್ತಿದ್ದಳು. ಬೊಂಬಾಯಿಯಿಂದ ಬಂದ ಮೊದಲ ರಿಪೋರ್ಟಿನಲ್ಲಿ ವೈರಸ್ಸು ಬಹಳ ಕಮ್ಮಿಯಾಗಿತ್ತು. ಆರು ತಿಂಗಳು ಮುಗಿದಾಗ ಬಂದದ್ದರಲ್ಲಿ ಇರಲೇ ಇಲ್ಲ. ಚಲುವಣ್ಣ ಹತ್ತಿರದ ಕೊಪ್ಪದ ಬೇಕರಿಯಿಂದ ಒಂದು ಕೇಕು ತಂದ. ಅದನ್ನು ಹೇಗೆ ಕುಯ್ಯುವುದು ಎಂದು ಗೊತ್ತಿಲ್ಲದೆ ಅವ್ವ ಈಳಿಗೆಮಣೆ ತಂದಿಟ್ಟಳು. ಆದರೆ ಡಾಕ್ಟರು ಹೇಳಿದ್ದರು, ಔಷಧಿ ನಿಲ್ಲಿಸಿ ಇನ್ನಾರು ತಿಂಗಳು ಕಳೆದ ಮೇಲೂ ಇಲ್ಲದಿದ್ದರೆ ಆಗ ವಾಸಿಯಾಯಿತು ಎನ್ನಬಹುದು ಎಂದು.

ಆ ಆರು ತಿಂಗಳಲ್ಲಿ ಜ್ವರವಿಲ್ಲ, ಅಳುವಿಲ್ಲ, ಕೂದಲೂ ಬಂತು. ಮಾಡಲು ಏನೂ ಇರಲಿಲ್ಲ. ಸೂಜಿಯಿಲ್ಲ, ಮಾತ್ರೆಯಿಲ್ಲ, ಅಳೆಯಲು ಏನೂ ಇಲ್ಲ. ಔಷಧಿಯ ದಿನಗಳೇ ವಾಸಿ ಎನ್ನಿಸಿತು. ಆಗ ಕೊನೇಪಕ್ಷ ಸೋಮವಾರ, ಬುಧವಾರ, ಶುಕ್ರವಾರ ಅಂತ ಇತ್ತು.

ಆರು ತಿಂಗಳ ಮೇಲೆ ಹೋದಾಗ ಡಾಕ್ಟರು ಲಕೋಟೆಯನ್ನು ಮೊದಲೇ ಒಡೆದು ಓದಿಕೊಂಡಿದ್ದರು. ನಾವು ಕೂರುವವರೆಗೆ ಕಾದು, ವೈರಸ್ಸು ವಾಪಸು ಬಂದಿದೆ ಎಂದರು.

ಅಂಗಿಯ ಜೇಬಿನಿಂದ ನಾನು ಒಂದು ಹಾಳೆ ತೆಗೆದೆ. ಆರು ತಿಂಗಳಿಂದ ಬರೆದುಕೊಂಡಿದ್ದು. ಹೀಗೇನಾದರೂ ಆದರೆ ಕಾರಣ ಏನಿರಬಹುದು ಎಂದು ನಾನು ಮಾಡಿದ ತಪ್ಪುಗಳನ್ನೆಲ್ಲ ಸಾಲಾಗಿ ಬರೆದಿದ್ದೆ. ಮಾತ್ರೆ ಬಿಟ್ಟದ್ದು, ಒಲೆಯ ಮುಂದೆ ಕೂತದ್ದು, ಒಂದು ಶುಕ್ರವಾರ ಸಿಸ್ಟರು ಊರಿಗೆ ಹೋಗಿದ್ದರಿಂದ ಇಂಜೆಕ್ಷನ್ ಶನಿವಾರ ಆದದ್ದು, ಅವ್ವನ ಕಾಟ ತಾಳದೆ ಒಂದು ಸಲ ಸೊಪ್ಪಿನ ರಸ ಕುಡಿದದ್ದು, ಹೀಗೆ. ಡಾಕ್ಟರು ಹಾಳೆ ತೆಗೆದುಕೊಂಡು ನಿಜವಾಗಿಯೂ ಒಂದೊಂದೇ ಸಾಲು ಓದಿದರು. ಅದಕ್ಕೆ ಅವರಿಗೆ ನಾನು ಋಣಿ. ಇವು ಯಾವುವೂ ಕಾರಣವಲ್ಲ ಎಂದರು. ಕ್ಯಾಪ್ಸೂಲು ಕಮ್ಮಿ ಮಾಡಿದ್ದು ಕಾರಣವಿರಬಹುದೇ ಎಂದೆ, ಅದಾದರೆ ಒಲೆಯ ತಪ್ಪು ನನ್ನ ಮೇಲೆ ಬರುತ್ತದಲ್ಲ ಎಂದು. ಡಾಕ್ಟರು, ರಕ್ತ ಇಳಿದದ್ದು ಒಲೆಯಿಂದಲ್ಲ, ಕ್ಯಾಪ್ಸೂಲಿನಿಂದ, ನೀವು ಬೀಳದಿದ್ದರೂ ಕಮ್ಮಿ ಮಾಡಲೇಬೇಕಿತ್ತು ಎಂದರು. ಕೆಲವರ ಮೈ ಒಮ್ಮೆ ಎಚ್ಚರವಾದ ಮೇಲೆ ಅದನ್ನು ಪೂರ್ತಿ ಓಡಿಸುತ್ತದೆ, ಕೆಲವರದಕ್ಕೆ ಆಗುವುದಿಲ್ಲ, ಯಾಕೆ ಎಂದು ನಮಗೂ ಸರಿಯಾಗಿ ಗೊತ್ತಿಲ್ಲ, ನೀವೇನೂ ತಪ್ಪು ಮಾಡಿಲ್ಲ ಎಂದು ಹಾಳೆ ವಾಪಸು ಕೊಟ್ಟರು.

ಸಮಾಧಾನಕ್ಕೆ ಆಡಿದ ಮಾತು. ನನಗೆ ಸಮಾಧಾನವಾಗಲಿಲ್ಲ. ಅದರಲ್ಲಿ ಒಂದಾದರೂ ನನ್ನ ತಪ್ಪು ಎಂದಿದ್ದರೆ ಅದನ್ನು ಹಿಡಿದುಕೊಂಡು ಬದುಕಬಹುದಿತ್ತು. ಇನ್ನೊಂದು ಸಲ ಹಾಗೆ ಮಾಡುವುದಿಲ್ಲ ಎನ್ನಬಹುದಿತ್ತು. ಜೀವಮಾನವಿಡೀ ಕಾವಲು ಕಾದವನಿಗೆ, ನೀನು ಕಾದರೂ ಒಂದೇ ಕಾಯದಿದ್ದರೂ ಒಂದೇ ಎಂದು ಹೇಳಿದ ಹಾಗಾಯಿತು.

ಇದಾಗಿ ಈಗ ಐದಾರು ವರ್ಷ. ಕಾಯಿಲೆ ಒಳಗೇ ಇದೆ. ಆರು ತಿಂಗಳಿಗೊಮ್ಮೆ ಹೋಗಿ ಈಲಿಯ ಸ್ಕ್ಯಾನು ಮಾಡಿಸುತ್ತೇನೆ, ಗಾಯ ಹೆಚ್ಚಿದೆಯೇ ಎಂದು ನೋಡುತ್ತಾರೆ, ಹೊಸ ಔಷಧಿ ಬರಬಹುದು ಎನ್ನುತ್ತಾರೆ. ಮಗಳ ಮದುವೆ ನಿಲ್ಲಲಿಲ್ಲ. ಹರ್ನಿಯಾ ಆಪರೇಷನ್ನೂ ಆಯಿತು. ಇಂಥ ಕಥೆಯನ್ನು ವಾಸಿಯಾದವರು ಬರೆದರೆ ಓದುವವರಿಗೆ ಅನುಕೂಲ, ಅದು ನನಗೆ ಗೊತ್ತು. ಆದರೂ ಬರೆಯಬೇಕು ಎನ್ನಿಸಿದ್ದು ಅವತ್ತು ಆ ಲಕೋಟೆ ಹಿಡಿದು ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸಿನಿಂದ.

ಮೂವತ್ತೈದರ ಆಸುಪಾಸಿನವಳು. ಭೇರ್ಯದ ಹತ್ತಿರದ ಹಳ್ಳಿಯವಳಂತೆ. ಬಾಣಂತನದಲ್ಲಿ ರಕ್ತ ಏರಿಸಿದ್ದರಂತೆ, ಕಾಯಿಲೆ ಈಗ ಗೊತ್ತಾಗಿದೆ. ಗಂಡ ಕೆಳಗೆ ಕೌಂಟರಿನ ಸಾಲಿನಲ್ಲಿ ನಿಂತಿದ್ದ. ಅವಳು ನಡುವಿನ ಬೆಂಚಿನಲ್ಲಿ, ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. ನಾನೂ ಜಯಮ್ಮನೂ ಅವಳ ಪಕ್ಕದ ಬೆಂಚಿನಲ್ಲಿ ಕೂತೆವು. ನಮ್ಮನ್ನು ಹಳಬರು ಎಂದು ನೋಡಿಯೇ ಗುರುತಿಸಿದಳೇನೋ.

"ಅಣ್ಣ, ಈ ಸೂಜಿ ಆಕಿಸ್ಕಂಡ್ರೆ ಜ್ವರ ಬತ್ತದಂತಲ್ಲ. ತಡ್ಕಬೋದಾ?"

ಆ ಬಾಗಿಲಿನೊಳಗೆ ನನಗೆ ಒಂದಕ್ಕೂ ಉತ್ತರ ಸಿಕ್ಕಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಇತ್ತು.

"ತಡ್ಕಬೋದು ಕಣವ್ವ" ಎಂದೆ. "ಮೊದಲ್ನೇ ದಿನ ಇವತ್ತೇ ಸತ್ತೆ ಅನ್ಸುತ್ತೆ. ಸಾಯಕಿಲ್ಲ. ಒಂದು ಮಾತ್ರೆ ಕೊಟ್ಟಿರ್ತಾರೆ, ಮರೀದೆ ನುಂಗ್ಬುಡು. ಆಮೇಲಾಮೇಲೆ ಜ್ವರ ನಿಂತೋಯ್ತದೆ. ನಿಂತಾಗ ಹೆದರ್ಕಬ್ಯಾಡ. ಸುಮ್ಸುಮ್ನೆ ಅಳು ಬತ್ತದೆ, ಅದೂ ಔಷಧೀದೇ."

ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ, ನಿಮಗೆ ವಾಸಿಯಾಯಿತಾ ಎಂದಳು. ಆಯಿತು ಎಂದು ಹೇಳಲು ನಾನು ಬಾಯಿ ತೆರೆದೆ. ಜಯಮ್ಮ ಮೊದಲು ಮಾತಾಡಿದಳು.

"ಇಲ್ಲ ಕಣವ್ವ, ಇವ್ರಿಗೆ ತಿರ್ಗಾ ಬಂದದೆ. ನಿಂಗೂ ಬರ್ಬೇಕು ಅಂತ ಏನಿಲ್ಲ. ಬಂದೋರೂ ಇಂಗೇ ಇರ್ತಾರೆ ನೋಡು. ಉಣ್ತಾರೆ, ಒಲಕ್ಕೋಯ್ತಾರೆ, ನನ್ ತಲೆ ತಿಂತಾರೆ."

ಆ ಹೆಂಗಸು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. ಗಂಡ ಇನ್ನೂ ಬಂದಿರಲಿಲ್ಲ. ಎದ್ದು ನಿಂತವಳು ಮೆಟ್ಟಿಲ ಕಡೆ ಒಂದು ಸಲ, ಬಾಗಿಲ ಕಡೆ ಒಂದು ಸಲ ನೋಡಿ, ಚೀಲವನ್ನು ಜಯಮ್ಮನ ಕೈಗೆ ಕೊಟ್ಟಳು. "ಒಸಿ ನೋಡ್ಕಂಡಿರಿ ಅಕ್ಕ, ಬಂದ್ಬುಡ್ತೀನಿ."

ನಮ್ಮ ಬಸ್ಸಿಗೆ ಹೊತ್ತಾಗುತ್ತಿತ್ತು. ಜಯಮ್ಮ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿಗೆ ಒರಗಿ ಕೂತಳು. ನಾನೂ ಕೂತೆ.